ಒಂಬತ್ತಾದ ಮೇಲೆ ಹತ್ತು

ಆಕೆಯ ಬಲಗೈ ಹೆಬ್ಬೆರಳಿನ ಉಗುರಿನ ನಡುವೆ ಉದ್ದಕ್ಕೆ ಒಂದು ಸೀಳಿತ್ತು. ಎಂದೋ ಎಮ್ಮೆ ತುಳಿದು ಕಿತ್ತುಹೋದ ಉಗುರು ಮತ್ತೆ ಬೆಳೆಯುವಾಗ ಹಾಗೆ ಗೆರೆ ಬಿಟ್ಟುಕೊಂಡು ಬೆಳೆದಿತ್ತು. ದಿನಾ ಮುಂಜಾನೆ ಹಿಂಡಿ ಮುಗಿಸಿದ ಮೇಲೆ ಆಕೆ ಆ ಉಗುರಿನ ಮೇಲೆ ಒಂದು ಹನಿ ಹಾಲು ಬಿಟ್ಟು ಕೈಯನ್ನು ವಾರೆ ಹಿಡಿಯುತ್ತಿದ್ದಳು. ಹನಿ ಜಾರದೆ ಸೀಳಿನಲ್ಲಿ ತುಂಬಿ ನಿಲ್ಲುತ್ತಿತ್ತು. ನಿನ್ನ ಹಾಲನ್ನು ನೀನೇ ಯಾಕೆ ಪರೀಕ್ಷೆ ಮಾಡುತ್ತೀ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. "ಎಮ್ಮಿಗೆ ಬಾಯಿಲ್ಲಲ್ಲ ಮಗಳ, ಆರಾಮ ಐತೋ ಇಲ್ಲೋ ಇಲ್ಲೇ ನೋಡಬೇಕು" ಎಂದು ಆ ಹನಿಯನ್ನು ನನ್ನ ನಾಲಿಗೆಗೆ ಒರೆಸಿದ್ದಳು.

ನಮ್ಮೂರು ಶಿಗ್ಗಾವಿಯಿಂದ ಹಿರೇಬೆಂಡಿಗೇರಿಯ ಕಡೆ ಹೋಗುವ ದಾರಿಯಲ್ಲಿ ಒಳಗೆ ಸರಿದು ಕೂತಿರುವ ಸಣ್ಣ ಊರು. ನಾನು ಹುಟ್ಟಿದಾಗ ನಮ್ಮವ್ವನಿಗೆ ಹಾಲು ಇಳಿಯಲಿಲ್ಲವಂತೆ. ಎರಡು ಮನೆ ಆಚೆಯಿದ್ದ ಈಕೆ ತಂಬಿಗೆ ಹಿಡಿದುಕೊಂಡು ಬಂದವಳು, ನನಗೆ ಹಲ್ಲು ಬರುವವರೆಗೆ ಒಂದು ಹೊತ್ತೂ ತಪ್ಪಿಸಲಿಲ್ಲ. ನಾನು ಆಕೆಯನ್ನು ಹಾಲಿನವ್ವ ಎಂದೇ ಕರೆದೆ. ದೊಡ್ಡವಳಾಗಿ ಮೋಟರ್ ಸೈಕಲ್ ಮೇಲಿಂದ ಬಿದ್ದು ಎದ್ದು ಬಂದಾಗಲೂ ಆಕೆ ನಕ್ಕು, "ಮುರಿಯಂಗಿಲ್ಲ ಬಿಡ. ನಿನ್ನ ಎಲುಬಿನ್ಯಾಗ ಇರೂದೆಲ್ಲಾ ನನ್ನ ಎಮ್ಮಿ ಹಾಲ" ಎಂದಿದ್ದಳು.

ಗಂಡ ತೀರಿಕೊಂಡ ಮೇಲೆ ಆಕೆಗೆ ಉಳಿದದ್ದು ಎಮ್ಮೆ, ಮತ್ತು ತನ್ನ ಹಾಲಿನ ಮೇಲಿನ ಜಂಬ. ಹೌದು, ಜಂಬವೇ. ಮುಂಜಾನೆ ವಿಭೂತಿಯನ್ನು ಮೊದಲು ಎಮ್ಮೆಯ ಹಣೆಗೆ ಹಚ್ಚಿ, ಆಮೇಲೆ ತನಗೆ ಹಚ್ಚಿಕೊಳ್ಳುವಳು. ಹಿಂಡುವ ಮುಂಚೆ ಕ್ಯಾನನ್ನು ಅಂಗಳದಲ್ಲಿ ಬೋರಲು ಹಾಕಿ, ದಾರಿಯಲ್ಲಿ ಹೋಗುವವರಿಗೆಲ್ಲ ಕೇಳುವಂತೆ ಮೂರು ಸಲ ಬಡಿಯುವಳು, ಒಳಗೆ ಒಂದು ಹನಿ ನೀರೂ ಇಲ್ಲ ಎಂದು. ಅಳತೆ ಹಾಕಿದ ಮೇಲೆ ಕೊಸರು ಹಾಕದೆ ಯಾರನ್ನೂ ಕಳಿಸಿದವಳಲ್ಲ. ಊರವರೆಲ್ಲ ಜರ್ಸಿ ಆಕಳು ಕಟ್ಟತೊಡಗಿದಾಗ, "ಅವು ಕೊಡೂದು ನೀರ. ಬಣ್ಣ ಬೆಳ್ಳಗ ಇರತೈತಿ, ಅಷ್ಟ" ಎಂದು ಆಡಿಕೊಳ್ಳುತ್ತಿದ್ದಳು. ಇದರಿಂದ ಆಕೆಗೆ ಊರಲ್ಲಿ ಶತ್ರುಗಳಿಗೇನೂ ಕಡಿಮೆ ಇರಲಿಲ್ಲ. ಕೊನೆಗೆ ಎಮ್ಮೆ ಉಳಿದದ್ದು ಎರಡೇ ಮನೆಯಲ್ಲಿ. ಒಂದು ಈಕೆಯದು. ಇನ್ನೊಂದರ ಯಜಮಾನ ಹಾಲಿಗೆ ಧಾರಾಳವಾಗಿ ನೀರು ಬೆರೆಸುವವನೆಂದು ಎಲ್ಲರಿಗೂ ಗೊತ್ತಿತ್ತು.

ಈಗ ನನ್ನ ಕಸುಬಿನ ಮಾತು ಹೇಳಬೇಕು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ಕೆಲವು ಹಾಲಿನ ಸಂಘಗಳಲ್ಲಿ ಹಾಲು ಪರೀಕ್ಷೆ ಮಾಡುವ ಯಂತ್ರಗಳಿವೆ. ಹಾಲು ಹಾಕಿದರೆ ಕೊಬ್ಬು ಎಷ್ಟು, ನೀರು ಎಷ್ಟು ಎಂದು ಚೀಟಿ ಬರುತ್ತದೆ. ಆ ಯಂತ್ರಗಳ ಉಸಾಬರಿ ನನ್ನದು. ಅವುಗಳ ಸಾಫ್ಟ್‌ವೇರನ್ನು ಕಂಪನಿಯವರು ಆಗಾಗ ತಿದ್ದಿ ಹೊಸದು ಕಳಿಸುತ್ತಾರೆ. ಒಂದೊಂದಕ್ಕೂ ಒಂದು ನಂಬರು: 1.7, 1.8, 1.9. ಪ್ರತಿ ಊರಿಗೂ ಗಾಡಿ ತಗೊಂಡು ಹೋಗಿ ಹಾಕುವುದು ಸಾಕಾಗಿ ನಾನೊಂದು ಸ್ಕ್ರಿಪ್ಟ್ ಬರೆದೆ. ಅದು ಶಿಗ್ಗಾವಿಯ ನನ್ನ ಅಂಗಡಿಯಲ್ಲಿ ಕೂತು ದಿನಾ ಒಂದೊಂದು ಯಂತ್ರವನ್ನೂ ಕೇಳುತ್ತದೆ: ನಿನ್ನ ನಂಬರು ಎಷ್ಟು? ಕಂಪನಿಯ ನಂಬರು ಅದಕ್ಕಿಂತ ದೊಡ್ಡದಿದ್ದರೆ ಹೊಸದನ್ನು ಹಾಕುತ್ತದೆ. ಇಲ್ಲದಿದ್ದರೆ ಊರಿನ ಹೆಸರಿನ ಮುಂದೆ ಹಸಿರು ಅಕ್ಷರದಲ್ಲಿ 'ಸರಿ ಇದೆ' ಎಂದು ಬರೆದು ಮುಂದಕ್ಕೆ ಹೋಗುತ್ತದೆ. ನಲವತ್ತು ಸಾಲಿನ ಸ್ಕ್ರಿಪ್ಟು. ಬರೆದ ದಿನ ನನಗೂ ಹಾಲಿನವ್ವನಷ್ಟೇ ಜಂಬ ಬಂದಿತ್ತು.

ಆ ವರ್ಷ ಚಳಿ ಶುರುವಾಗುವ ಮುಂಚೆ ಕಂಪನಿಯವರು 1.10 ಕಳಿಸಿದರು. ಜೊತೆಗೊಂದು ಕಾಗದವಿತ್ತು: ಹಿಂದಿನದರಲ್ಲಿ ತೊಡಕಿದೆ, ಚಳಿಯಲ್ಲಿ ಗಟ್ಟಿ ಎಮ್ಮೆ ಹಾಲಿನಲ್ಲಿ ಇಲ್ಲದ ನೀರನ್ನು ಯಂತ್ರ ತೋರಿಸುತ್ತದೆ, ಇದರಲ್ಲಿ ಸರಿಪಡಿಸಿದ್ದೇವೆ. ನಾನು ಓದಿದೆ. ಸ್ಕ್ರಿಪ್ಟ್ ಓಡಿಸಿದೆ. ನಾಲ್ಕೂ ತಾಲೂಕು ಹಸಿರಾಯಿತು. ಕಾಗದ ಮಡಚಿಟ್ಟೆ.

ಚಳಿ ಬಿದ್ದ ವಾರವೇ ನಮ್ಮೂರ ಸಂಘದ ಹಲಗೆಯ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಹಾಲಿನವ್ವನ ಸದಸ್ಯ ನಂಬರು ಬಿತ್ತು. ಮುಂದೆ ಒಂದೇ ಪದ: ನೀರು. ಒಂದೇ ತಿಂಗಳಲ್ಲಿ ಮೂರು ಸಲ ಹಾಗೆ ಬಿದ್ದರೆ ಸಂಘ ಮುಂದೆಂದೂ ಆ ಮನೆಯ ಹಾಲನ್ನು ಮುಟ್ಟುವುದಿಲ್ಲ. ಆ ಇನ್ನೊಂದು ಎಮ್ಮೆಯ ಯಜಮಾನ ಎರಡು ಸಲ ಬಿದ್ದೊಡನೆ ತಿಂಗಳು ಮುಗಿಯುವವರೆಗೆ ಹಾಲನ್ನು ಹೋಟೆಲಿಗೆ ಹಾಕಿ ಪಾರಾಗುತ್ತಿದ್ದ. ಎರಡನೆಯ ಸಲ ಬಿದ್ದ ದಿನ ಆಕೆ ಬಸ್ಸು ಹತ್ತಿ ಶಿಗ್ಗಾವಿಗೆ ನನ್ನ ಅಂಗಡಿಗೆ ಬಂದಳು. ಕುಂದರಬೇ ಎಂದರೂ ಕೂರಲಿಲ್ಲ.

"ಮಗಳ, ನಿನ್ನ ಡಬ್ಬಿ ತಪ್ಪ ಹೇಳಾಕತ್ತೈತಿ."

"ಇಲ್ಲಬೇ. ಅಂಥಾದೊಂದು ದೋಷ ಇತ್ತು, ಈಗ ಅದನ್ನ ತಿದ್ದೇವಿ. ನಮ್ಮೂರ ಮುಂದ ನೋಡಿಲ್ಲೆ, ಸರಿ ಐತಿ ಅಂತ ಬಂದೈತಿ."

"ನನಗ ಓದಾಕ ಬರಂಗಿಲ್ಲ. ನೀನ ಹೇಳು. ನಾ ನೀರ ಹಾಕೇನಿ ಅಂತೀಯೇನು?"

"ಮಿಷನ್ ಸುಳ್ಳ ಹೇಳಂಗಿಲ್ಲಬೇ" ಎಂದೆ.

ಈ ಮೂರು ಪದಗಳನ್ನು ಆಡಿದ ಬಾಯಿ ಇದೇ. ಆಕೆಯ ಹಾಲು ಕುಡಿದೇ ಮಾತು ಕಲಿತ ಬಾಯಿ. ಆಕೆ ಸೆರಗಿನಿಂದ ಬಾಯೊರೆಸಿಕೊಂಡು ಹೊರಟುಹೋದಳು.

ಮರುದಿನ ಮುಂಜಾನೆ ನಮ್ಮೂರ ಸಂಘದ ಕಾರ್ಯದರ್ಶಿಯ ಫೋನು ಬಂತು. "ಮೇಡಂ, ಲಗೂನ ಬರ್ರಿ. ನಿಮ್ಮ ಹಾಲಿನವ್ವ ಎಮ್ಮಿ ಹಿಡಕೊಂಡ ಬಂದಾಳ!"

ನಾನು ಹೋಗುವಷ್ಟರಲ್ಲಿ ಸಂಘದ ಮುಂದೆ ಊರೇ ನಿಂತಿತ್ತು. ಆಕೆ ಎಮ್ಮೆಯನ್ನು ಬಾಗಿಲ ಕಂಬಕ್ಕೆ ಕಟ್ಟಿದ್ದಳು. ನಾನು ಬಂದದ್ದನ್ನು ನೋಡಿ ಕ್ಯಾನು ಬೋರಲು ಹಾಕಿ ಮೂರು ಸಲ ಬಡಿದಳು. ಕುಕ್ಕರಗಾಲಲ್ಲಿ ಕೂತು, ಎಲ್ಲರ ಕಣ್ಣೆದುರು ಹಿಂಡಿದಳು. ಆ ಕ್ಯಾನನ್ನು ಯಾರ ಕೈಗೂ ಕೊಡದೆ ತಾನೇ ಒಳಗೆ ತಂದು ಯಂತ್ರದ ಮುಂದೆ ಇಟ್ಟಳು. ಚೀಟಿ ಬಂತು. ನೀರು, ನೂರಕ್ಕೆ ಒಂಬತ್ತು ಪಾಲು.

"ಎಮ್ಮಿಗೆ ನೀರ ಕುಡಿಸಿ ತಂದಾಳ ನೋಡ್ರಿ" ಎಂದ, ಆ ಇನ್ನೊಂದು ಎಮ್ಮೆಯ ಯಜಮಾನ. ಜನ ನಕ್ಕರು.

ಎಲ್ಲರೂ ನನ್ನ ಕಡೆ ತಿರುಗಿದರು. ಕೆಚ್ಚಲಿನಿಂದ ನೇರ ಬಂದ ಹಾಲಿನಲ್ಲಿ ಯಂತ್ರ ನೀರು ಕಂಡಿತ್ತು. ಯಂತ್ರ ಸುಳ್ಳಾಡುತ್ತಿದೆ ಎನ್ನಲು ಇದಕ್ಕಿಂತ ಏನು ಬೇಕಿತ್ತು? ಆದರೆ ಕಲಿತವರ ಹತ್ತಿರ ಯಾವಾಗಲೂ ಒಂದು ಉತ್ತರ ಇರುತ್ತದೆ. ಈಗಷ್ಟೇ ಹಿಂಡಿದ ಹಾಲಿನಲ್ಲಿ ನೊರೆ ಇರುತ್ತದೆ, ನೊರೆಹಾಲಿಗೆ ಯಂತ್ರ ಸರಿಯಾದ ಲೆಕ್ಕ ಕೊಡುವುದಿಲ್ಲ, ಹಾಗಾಗಿ ಈ ಪರೀಕ್ಷೆ ನಡೆಯುವುದಿಲ್ಲ ಎಂದು ವಿವರಿಸಿದೆ. ಅದು ಸುಳ್ಳೂ ಅಲ್ಲ. ಅದಕ್ಕೇ ಇವತ್ತಿಗೂ ಅದು ನನ್ನನ್ನು ಸುಡುತ್ತದೆ. ಕಾರ್ಯದರ್ಶಿ ಹಲಗೆಯ ಮೇಲೆ ಮೂರನೆಯ ಸಲ ಬರೆದ.

ಹಾಲಿನವ್ವ ಬಗ್ಗಿ ಎಮ್ಮೆಯ ಹಗ್ಗ ಬಿಚ್ಚುವಾಗ ಗಂಟು ಬಿಗಿದುಕೊಂಡು ಬಹಳ ಹೊತ್ತು ಹಿಡಿಯಿತು. ಯಾರೂ ಹೋಗಿ ಬಿಚ್ಚಿಕೊಡಲಿಲ್ಲ, ನಾನೂ.

ಶಿವರಾತ್ರಿ ಕಳೆದ ಮೇಲೆ ಆಕೆ ಒಂದು ತಂಬಿಗೆ ಹಾಲು ತಂದು ನಮ್ಮವ್ವನ ಅಡುಗೆಮನೆಯಲ್ಲಿಟ್ಟು, ನನಗೆ ಹೇಳಿದಳು: "ಡಬ್ಬಿಗೆ ಹಾಕಬ್ಯಾಡ. ಕಾಸಿ ಕುಡಿ." ಕಾಸಿದೆ. ರೊಟ್ಟಿಯಷ್ಟು ದಪ್ಪ ಕೆನೆ ಕಟ್ಟಿತು. ಕುಡಿಯುತ್ತಿದ್ದಂತೆ ನಾಲಿಗೆಗೆ ಗೊತ್ತಾಯಿತು. ಆದರೂ ಅಂಗಡಿಗೆ ಹೋಗಿ ಪರದೆ ನೋಡಿದರೆ ನಮ್ಮೂರ ಮುಂದೆ ಅದೇ ಹಸಿರು. ನಾಲಿಗೆಯನ್ನು ಬಿಟ್ಟು ಹಸಿರನ್ನು ನಂಬಿದೆ. ಮರುದಿನವೇ ಆಕೆ ಎಮ್ಮೆಯನ್ನು ಸವಣೂರಿನ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ ಬಂದಳೆಂದು ಆಮೇಲೆ ತಿಳಿಯಿತು.

ಆಷಾಢದಲ್ಲಿ, ಮಾಸೂರಿನ ಆಚೆಯ ಒಂದು ಊರಿನ ಸಂಘದಲ್ಲಿ ಹಾಲು ಪರೀಕ್ಷೆ ಮಾಡುವ ಹೆಣ್ಣುಮಗಳು ಫೋನು ಮಾಡಿದಳು.

"ಅಕ್ಕಾರ, ಕಂಪನಿ ಕಾಗದದಾಗ 1.10 ಅಂತ ಐತಿ. ನಮ್ಮ ಮಿಷನ್ ಚಾಲೂ ಮಾಡಿದ್ರ 1.9 ಅಂತ ಬರತೈತ್ರಿ. ಹೊಸಾದು ಯಾವಾಗ ಹಾಕ್ತೀರಿ?"

"ಹಾಕೇವಿ. ನಿಮ್ಮೂರ ಮುಂದ ಸರಿ ಐತಿ ಅಂತ ಬಂದೈತಿ."

"ನಿಮ್ಮಲ್ಲಿ ಏನ ಬಂದೈತೋ ನನಗ ಗೊತ್ತಿಲ್ರಿ. ಇಲ್ಲಿ ಒಂಬತ್ತ ಐತಿ. ಒಂಬತ್ತಾದ ಮ್ಯಾಲ ಹತ್ತ ಅಲ್ಲೇನ್ರಿ?"

ನಾನು ಫೋನು ಹಿಡಿದುಕೊಂಡೇ ಸ್ಕ್ರಿಪ್ಟ್ ತೆರೆದೆ. ಅದು ಆ ನಂಬರುಗಳನ್ನು ಸಂಖ್ಯೆಯೆಂದು ನೋಡುತ್ತಲೇ ಇರಲಿಲ್ಲ, ಬರಹವೆಂದು ನೋಡುತ್ತಿತ್ತು. ನಿಘಂಟಿನಲ್ಲಿ ಪದಗಳನ್ನು ಹೊಂದಿಸುವ ಹಾಗೆ, ಎಡದಿಂದ ಒಂದೊಂದೇ ಅಕ್ಷರ ಹೋಲಿಸುತ್ತಿತ್ತು. ಒಂದಕ್ಕೆ ಒಂದು ಸಮ. ಚುಕ್ಕಿಗೆ ಚುಕ್ಕಿ ಸಮ. ಆಮೇಲೆ ಒಂದು ಕಡೆ ಹತ್ತರ ಮೊದಲ ಅಂಕಿಯಾದ ಒಂದು, ಇನ್ನೊಂದು ಕಡೆ ಒಂಬತ್ತು. ಒಂದು ಚಿಕ್ಕದು, ಒಂಬತ್ತು ದೊಡ್ಡದು, ಅಲ್ಲಿಗೆ ತೀರ್ಮಾನ. ಪಕ್ಕದ ಸೊನ್ನೆಯನ್ನು ಅದು ನೋಡಲೇ ಇಲ್ಲ. ಏಳರಿಂದ ಎಂಟು, ಎಂಟರಿಂದ ಒಂಬತ್ತು ಆಗುವವರೆಗೆ ಈ ತಪ್ಪು ಯಾರಿಗೂ ಕಾಣುವಂಥದಲ್ಲ. ಹತ್ತು ಬಂದಾಗ ಮಾತ್ರ, ಹೊಸದನ್ನು ಹಳೆಯದೆಂದು ತಿಳಿದು, ಏನನ್ನೂ ಹಾಕದೆ, ನಾಲ್ಕೂ ತಾಲೂಕಿಗೆ 'ಸರಿ ಇದೆ' ಎಂದು ಬರೆದಿತ್ತು. ತಿದ್ದಲು ಒಂದೇ ಸಾಲು ಸಾಕಾಯಿತು: ಚುಕ್ಕಿಯಲ್ಲಿ ಒಡೆ, ಆಚೆಗಿನದನ್ನೂ ಈಚೆಗಿನದನ್ನೂ ಬೇರೆ ಬೇರೆ ಸಂಖ್ಯೆ ಮಾಡು, ಆಮೇಲೆ ಹೋಲಿಸು. ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಆ ಸಂಜೆಗೇ ನಾಲ್ಕೂ ತಾಲೂಕಿನ ಯಂತ್ರಗಳಿಗೆ 1.10 ಹೋಯಿತು.

ಊರಿಗೆ ಹೋದೆ. ಹಾಲಿನವ್ವ ಹಾಸಿಗೆ ಹಿಡಿದಿದ್ದಳು. ಬೇನೆ ಏನೆಂದು ಡಾಕ್ಟರಿಗೂ ತಿಳಿದಿರಲಿಲ್ಲ, ಊಟ ಮಾತ್ರ ಸೇರುತ್ತಿರಲಿಲ್ಲ. ಕಾಲು ಹಿಡಿದು ಎಲ್ಲವನ್ನೂ ಹೇಳಿದೆ. ಅತ್ತೆ. ಆಕೆ ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ.

"ನನಗ ಯಾಕ ಹೇಳ್ತಿ? ನನಗ ಗೊತ್ತಿತ್ತಲ್ಲ" ಎಂದಳು. "ಹಲಗಿ ಮುಂದ ನಿಂತ ಹೇಳ."

ಮರುದಿನ ಹಾಲು ಹಾಕುವ ಹೊತ್ತಿಗೆ ಸಂಘದಲ್ಲಿ ನಿಂತು ಹೇಳಿದೆ. ಒಬ್ಬರೂ ನಂಬಲಿಲ್ಲ. "ಅವತ್ತು ನೊರಿ ಅಂದ್ರಿ, ಇವತ್ತು ನಂಬರ್ ಅಂತೀರಿ" ಎಂದ ಕಾರ್ಯದರ್ಶಿ. "ಅಕಿ ಹಾಲ ಕುಡದ ಬೆಳದೀರಿ, ಅದಕ್ಕ ಹಿಂಗ ಹೇಳ್ತೀರಿ. ಮಿಷನ್ ಸುಳ್ಳ ಹೇಳಂಗಿಲ್ಲ ಅಂತ ನೀವ ಹೇಳಿದ್ರಲ್ಲ?" ಅಷ್ಟರಲ್ಲಿ ಇನ್ನೊಂದು ಎಮ್ಮೆಯ ಯಜಮಾನನ ಹಾಲಿಗೆ ಚೀಟಿ ಬಂತು. ತಿದ್ದಿದ ಯಂತ್ರವೂ ಅದರಲ್ಲಿ ನೀರು ತೋರಿಸಿತು, ಇದ್ದುದನ್ನೇ ತೋರಿಸಿತು. "ನೋಡ್ರಿ, ಎಮ್ಮಿ ಹಾಲಿಗೆ ಈಗೂ ನೀರ ಅಂತೈತಿ!" ಎಂದು ಎಲ್ಲರೂ ಮತ್ತೆ ನಕ್ಕರು. ನನ್ನ ಮಾತು ಯಂತ್ರದ ಮುಂದೆ ಮೂರು ಕಾಸಿನದೂ ಅಲ್ಲ ಎಂದು ಊರಿಗೆ ಕಲಿಸಿದವಳು ನಾನೇ.

ಆಕೆಗೆ ಹೇಳಿದೆ. ಗೋಡೆಗೆ ಆನಿಕೊಂಡು ಎದ್ದು ಕೂತಳು. "ಹಂಗಾರ ಡಬ್ಬೀನ ಹೇಳಬೇಕು. ಆದ್ರ ಈಗ ಆ ಹಾಲ ಎಲ್ಲಿಂದ ತರ್ಲಿ?"

ಅಂದಿನಿಂದ ಎಮ್ಮೆಯನ್ನು ಹುಡುಕಿದೆ. ಬಲಗೊಂಬು ಕೆಳಗೆ ಬಾಗಿದ್ದು, ಬಾಲದ ತುದಿ ಬೆಳ್ಳಗಿರುವುದು, ಇಷ್ಟೇ ಗುರುತು. ಸವಣೂರಿನ ದಲ್ಲಾಳಿ ಹಾನಗಲ್ಲ ಕಡೆಯವರಿಗೆ ಕೊಟ್ಟೆ ಎಂದ. ಹಾನಗಲ್ಲಿನವರು ಹಿರೇಕೆರೂರಿನ ಕಡೆ ಮಾರಿದ್ದರು. ಯಂತ್ರಗಳಿಗೆ ಗಾಡಿ ಹತ್ತಿ ಹೋಗಲು ಬೇಸರಪಟ್ಟವಳು ನಾಲ್ಕೂ ತಾಲೂಕಿನ ಹಟ್ಟಿಗಳಲ್ಲಿ ಬಗ್ಗಿ ಬಾಲ ನೋಡುತ್ತ ತಿರುಗಿದೆ. ಶ್ರಾವಣದ ಕೊನೆಗೆ ಅಬಲೂರಿನ ಹತ್ತಿರ ಒಂದು ಹೊಲದಮನೆಯಲ್ಲಿ ಸಿಕ್ಕಿತು. ಓಡಿಹೋಗಿ ಕೆಚ್ಚಲು ಮುಟ್ಟಿದೆ. ಬತ್ತಿತ್ತು. "ಗಬ್ಬ ಐತ್ರಿ. ಕಾರ್ತಿಕದಾಗ ಈಯತೈತಿ" ಎಂದ ಮನೆಯವ.

"ಸಿಕ್ಕೈತಬೇ. ಗಬ್ಬ ಐತಿ" ಎಂದು ಬಂದು ಹೇಳಿದೆ. ಆ ವರ್ಷ ಆಕೆ ನಕ್ಕದ್ದು ಆಗ ಒಂದೇ ಸಲ. "ಕಾಯೂಣಂತ" ಎಂದಳು. ಆ ರಾತ್ರಿ ಅರ್ಧ ರೊಟ್ಟಿ ಉಂಡಳಂತೆ. ಆಮೇಲೆ ನಾನು ಹೋದಾಗಲೆಲ್ಲ ತಿಂಗಳ ಲೆಕ್ಕವನ್ನೇ ಕೇಳುತ್ತಿದ್ದಳು. ದಸರೆಗೆ ಬನ್ನಿ ಕೊಟ್ಟು ಕಾಲಿಗೆ ಬಿದ್ದಾಗ ನನ್ನ ಬೆರಳು ಹಿಡಿದುಕೊಂಡು, "ಎಷ್ಟ ದಿವಸ ಉಳದಾವ?" ಎಂದಳು. ನಲವತ್ತು ಎಂದೆ. ಎರಡು ದಿನಕ್ಕೆ ಹೋಗಿಬಿಟ್ಟಳು. ಮೈ ತೊಳೆಸುವಾಗ ನಾನಿದ್ದೆ. ಹೆಬ್ಬೆರಳಿನ ಸೀಳಿನಲ್ಲಿ ನಿಂತಿದ್ದ ನೀರನ್ನು ನನ್ನ ಸೆರಗಿನಿಂದ ಒರೆಸಿದೆ.

ಎಮ್ಮೆ ಕಾರ್ತಿಕದಲ್ಲಿ ಈಯಿತು. ಗಿಣ್ಣದ ದಿನಗಳು ಕಳೆಯಲಿ ಎಂದು ಹದಿನೈದು ದಿನ ಬಿಟ್ಟು, ಮೈ ಕೊರೆಯುವ ಚಳಿಯ ಮುಂಜಾನೆ ಹೋದೆ. ನಮ್ಮೂರ ಕಾರ್ಯದರ್ಶಿಯನ್ನು ಕಾಡಿ ಬೇಡಿ ಗಾಡಿಯ ಹಿಂದೆ ಕೂರಿಸಿಕೊಂಡಿದ್ದೆ. ಕ್ಯಾನು ಬೋರಲು ಹಾಕಿ ಮೂರು ಸಲ ನಾನೇ ಬಡಿದೆ. ಹಿಂಡಿದ ಹಾಲನ್ನು ನೊರೆ ಇಳಿಯುವವರೆಗೆ ಇಟ್ಟು, ಆ ಊರಿನ ಸಂಘದ ಯಂತ್ರಕ್ಕೆ ಹಾಕಿಸಿದೆ. ಕಾರ್ಯದರ್ಶಿ ಚೀಟಿಯನ್ನು ಹರಿದುಕೊಂಡು ಓದಿದ. ಇನ್ನೊಂದು ಸಲ ಓದಿದ.

"ಸೊನ್ನಿ ಐತ್ರಿ" ಎಂದ. ಚೀಟಿಯನ್ನು ಮಡಚುತ್ತ, "ಈಗ ಇದನ್ನ ಯಾರಿಗೆ ಕೊಡೂದ್ರಿ?" ಎಂದ.

ನಾನು ಇಸಿದುಕೊಂಡೆ. ಊರಿನ ಹಲಗೆಯ ಮೂಲೆಗೆ ಅಂಟಿಸಿದೆ. ಕೆಲವರು ಓದಿದರು, ಕೆಲವರು ತಲೆ ತಗ್ಗಿಸಿ ಹಾಲು ಹಾಕಿ ಹೋದರು. ಆದರೆ ಆ ಚೀಟಿ ಬಸ್ ಟಿಕೇಟಿನಂಥ ಕಾಗದ, ಅದರ ಮೇಲಿನ ಅಕ್ಷರ ನಿಲ್ಲುವುದಿಲ್ಲ. ಮೊನ್ನೆ ಹೋದಾಗ ದಿನಾಂಕ ಅಳಿಸಿತ್ತು, ಕೊಬ್ಬಿನ ಅಂಕಿ ಅಳಿಸಿತ್ತು. ಸೊನ್ನೆಯ ಒಂದು ಬದಿ ಮಾತ್ರ ಉಳಿದಿತ್ತು. ಬರುವ ಚಳಿಗೆ ಅದು ಬರಿಯ ಬಿಳಿ ಕಾಗದ. ಅದಕ್ಕೇ ಅಳಿಸದ ಕಡೆ ಬರೆದಿಡುತ್ತಿದ್ದೇನೆ: ಆಕೆಯ ಹಾಲಿನಲ್ಲಿ ನೀರು ಇರಲಿಲ್ಲ. ತಪ್ಪು ನನ್ನದು.