ದೀಪದ ಹೊತ್ತಿನ ಬಾಗಿಲು

ಗುಂಡ್ಲುಪೇಟೆಯ ಪುಟ್ಟಮಲ್ಲಮ್ಮ ಹೋದ ಸೋಮವಾರ ಸಂಜೆ ಕಲ್ಲಿಕೋಟೆಯಲ್ಲಿ ತೀರಿಕೊಂಡರು. ಮಾರನೆಯ ದಿನ ದೇಹವನ್ನು ವ್ಯಾನಿನಲ್ಲಿ ಘಾಟಿ ಹತ್ತಿಸಿ ತಂದು, ಉಡಿಗಾಲದ ತಮ್ಮ ಹೊಲದಲ್ಲಿ ಗಂಡ ದೊಡ್ಡಮಲ್ಲಪ್ಪನವರ ಮಗ್ಗುಲಲ್ಲಿ ಮಣ್ಣು ಮಾಡಿದರು.

ಉಬ್ಬಸ ಪುಟ್ಟಮಲ್ಲಮ್ಮನಿಗೆ ಹಳೆಯದು. ಅವರ ಮನೆಯ ಬಾಗಿಲಿದ್ದದ್ದು ಹಂಗಳದ ದಾರಿಗೆ. ಕಾಡಿನ ಕಡೆಯಿಂದ ಬರುವ ಗಾಡಿಯವರು ಅಲ್ಲಿ ಎತ್ತು ಬಿಚ್ಚಿ, ಮಜ್ಜಿಗೆ ಕುಡಿದು ಹೋಗುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಹಿಂಬಾಗಿಲು ಹಾಕಿ ಮುಂಬಾಗಿಲು ತೆರೆದರೆ, ಬೀದಿಯಲ್ಲಿ ಜನ ಇರುವವರೆಗೂ ಮುಚ್ಚಿದವರಲ್ಲ. ಬಂದವರಿಗೆಲ್ಲ ಒಲೆ ಊದಿ ಊದಿ ಎದೆ ಸವೆದಿತ್ತು. ಒಂದು ತಿಂಗಳು ಹೊಗೆಯ ಹತ್ತಿರ ಸುಳಿಯದೆ ಸಮುದ್ರದ ಗಾಳಿಯಲ್ಲಿರಬೇಕು, ಇಲ್ಲದಿದ್ದರೆ ಈ ಚಳಿಗಾಲ ದಾಟುವುದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು.

ಕರೆದುಕೊಂಡು ಹೋದವರು ಗಂಗಾಂಬಿಕೆ. ಪುಟ್ಟಮಲ್ಲಮ್ಮನ ನೆರೆಮನೆಯಲ್ಲಿ ಬೆಳೆದು, ಚಾಮರಾಜನಗರದಲ್ಲಿ ಉಪಾಧ್ಯಾಯಿನಿಯಾಗಿದ್ದವರು. ಮರದ ವ್ಯಾಪಾರಿಯಾದ ಅವರ ಅಣ್ಣ ಕಲ್ಲಿಕೋಟೆಯ ಕಡಲ ದಂಡೆಯ ಹೊಸ ಕಟ್ಟಡದಲ್ಲಿ, ಬೇಸಿಗೆಗೆ ಬರುವ ನೆಂಟರಿಗೆಂದು ಮೇಲಂತಸ್ತಿನ ಮನೆಯೊಂದನ್ನು ಇಟ್ಟಿದ್ದರು. ಮೊಸಾಯಿಕ್ ನೆಲ, ತಲೆಯ ಮೇಲೆ ಫ್ಯಾನು, ವಿದ್ಯುತ್ತಿನ ಒಲೆ, ಸಮುದ್ರದ ಕಡೆಗೆ ಆಳೆತ್ತರದ ಗಾಜಿನ ಬಾಗಿಲು. ಹೊಸ್ತಿಲು ಮಾತ್ರ ಎಲ್ಲಿಯೂ ಇರಲಿಲ್ಲ. ಸೋಫಾದಲ್ಲಿ ಒಮ್ಮೆ ಕುಳಿತು ನೋಡಿದ ಪುಟ್ಟಮಲ್ಲಮ್ಮ, "ಇದ್ರೊಳಕ್ಕೆ ಕುಂತ್ರೆ ಏಳ್ಸಾಕೆ ಇಬ್ರು ಬೇಕು ಕಣಮ್ಮಿ" ಎಂದು ನೆಲಕ್ಕಿಳಿದರು.

ಮೊದಲ ಸಂಜೆ ದೀಪ ಹಚ್ಚಿ, ಮೆಟ್ಟಿಲ ಕಡೆಯ ಸಣ್ಣ ಬಾಗಿಲನ್ನು ಹಿಂಬಾಗಿಲೆಂದುಕೊಂಡು ಚಿಲಕ ಹಾಕಿ, ಗಾಜಿನ ಬಾಗಿಲನ್ನು ಪೂರ್ತಿ ತೆರೆದಿಟ್ಟರು. ನುಗ್ಗಿ ಬಂದ ಗಾಳಿಗೆ ದೀಪ ಆರಿತು, ಬಾಗಿಲು ಗೋಡೆಗೆ ಬಡಿದು ಒಂದು ಗಾಜು ಒಡೆಯಿತು. ಗಂಗಾಂಬಿಕೆ ಚೂರುಗಳನ್ನು ಆಯುತ್ತಾ, ಇಲ್ಲಿ ಜನ ಬರುವುದು ಮೆಟ್ಟಿಲ ಕಡೆಯಿಂದ ಎಂದು ತಿಳಿಸಿದರು.

ಮರುದಿನದಿಂದ ಆ ಬಾಗಿಲು ತೆರೆಯಿತು. ಎದುರಿಗೆ ಬೀಗ ಹಾಕಿದ ಇನ್ನೊಂದು ಮನೆ. ಮೆಟ್ಟಿಲು ಹತ್ತಿ ಬಂದದ್ದು ಕೆಳಗಿನ ಮನೆಯವರು ಮೀನು ಹುರಿಯುವ ಹೊಗೆಯೊಂದೇ. ಪುಟ್ಟಮಲ್ಲಮ್ಮ ಮೂಗಿಗೆ ಸೆರಗು ಹಿಡಿದು ಕಾದು ಕೂರುತ್ತಿದ್ದರು; ಕೆಮ್ಮು ಹತ್ತಿಕೊಂಡರೆ ಬೆಳಗಿನವರೆಗೂ ಬಿಡುತ್ತಿರಲಿಲ್ಲ. ಹೊಗೆ ಬೇಡವೆಂದೇ ಇಷ್ಟು ದೂರ ಬಂದದ್ದಲ್ಲವೆ ಎಂದು ಗಂಗಾಂಬಿಕೆ ಕೊನೆಗೆ ಕೈ ಹಿಡಿದು ಬೇಡಿಕೊಂಡರು.

"ಬರೋರಿದ್ರೆ ತಾನೆ ಬಾಗ್ಲು ತಗ್ಯಾದು. ಇಲ್ಯಾರವ್ರೆ? ಆಯ್ತು, ಆಕ್ಬುಡು" ಎಂದರು ಪುಟ್ಟಮಲ್ಲಮ್ಮ.

ಬಾಗಿಲು ಹಾಕಿದ ಮೇಲೆ ಉಸಿರು ಕೊಂಚ ಸಲೀಸಾಯಿತು. ಆದರೆ ಮಾತು ಕಡಿಮೆಯಾಯಿತು. ಊಟಕ್ಕೆ ಕೂತರೆ ಎರಡು ತುತ್ತು. ಊರಿಗೆ ಹೋಗೋಣವೆಂದು ಬೆಳಗ್ಗೆ ಒಮ್ಮೆ ಕೇಳುವರು, ತಿಂಗಳು ತುಂಬಲಿ ಎಂದರೆ ಗೋಡೆಯ ಕಡೆ ತಿರುಗುವರು. ಹಗಲೆಲ್ಲ ಸಮುದ್ರಕ್ಕೆ ಬೆನ್ನು ಮಾಡಿ ಮಲಗಿರುವರು. ದುಡಿದಾಗ ಕಾಣದ ದಣಿವು ಕೆಲಸವಿಲ್ಲದ ಆ ಮನೆಯಲ್ಲಿ ಅವರ ಮೇಲೆ ಕೂತಿತ್ತು. ಗಂಗಾಂಬಿಕೆಗೂ ಸಾಕಾಗಿತ್ತು, ಆದರೂ ಚಳಿಗಾಲ ದಾಟಿಸುವ ಆಸೆ ಬಿಡಲಿಲ್ಲ.

ಸೋಮವಾರ ಔಷಧಿ ಮುಗಿದಿತ್ತು. ಕಲ್ಲಿಕೋಟೆಗೆ ಬಂದ ಮೇಲೆ ಗಂಗಾಂಬಿಕೆ ಅವರೊಬ್ಬರನ್ನೇ ಬಿಟ್ಟು ಹೊರಗೆ ಹೋದದ್ದು ಅದೇ ಮೊದಲು. ಮಲಗಿದ್ದಲ್ಲಿಂದಲೇ ಪುಟ್ಟಮಲ್ಲಮ್ಮ, "ದೀಪ ಅಚ್ಚೊ ಒತ್ಗೆ ಬಂದ್ಬುಡು" ಎಂದರು.

ಅಂಗಡಿಯಲ್ಲಿ ತಡವಾಯಿತು. ಗಂಗಾಂಬಿಕೆ ಬಂದಾಗ ಮೆಟ್ಟಿಲ ತುಂಬ ಮೀನಿನ ಹೊಗೆ. ಮೇಲೆ ದೀಪ ಉರಿಯುತ್ತಿತ್ತು. ಪುಟ್ಟಮಲ್ಲಮ್ಮ ಬರಿ ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ಮಲ್ಲಕ್ಕಾ ಎಂದು ಕರೆದರೆ ಓಗೊಡಲಿಲ್ಲ. ಪಕ್ಕದಲ್ಲಿ ತಟ್ಟೆ ಮುಚ್ಚಿದ ಒಂದು ಲೋಟ ಮಜ್ಜಿಗೆ. ಬರುವವರೊಬ್ಬರಿದ್ದಾರೆಂದು ಅವರು ಎದ್ದು ಮೆಟ್ಟಿಲ ಕಡೆಯ ಬಾಗಿಲು ತೆರೆದಿಟ್ಟಿದ್ದರು.