ಅಂಗಳದ ಮೂರು ತಾಸು ಬಿಸಿಲು

ಕೂಡ್ಲಿಗಿಯ ನಮ್ಮ ಮನೆಯ ಹಿಂದಿನ ಅಂಗಳದಲ್ಲಿ ಸದಾ ನೆರಳು. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಮಾತ್ರ, ಪಕ್ಕದ ಮನೆಯ ಗೋಡೆ ದಾಟಿ, ಒಂದು ಮೂಲೆಗೆ ಬಿಸಿಲು ಬೀಳುತ್ತಿತ್ತು. ನೆಲವೋ ಗರಸು ಬಡಿದ ನೆಲ, ಗುದ್ದಲಿ ಇಳಿಯದು. ಅಗೆಯದೆಯೇ ತೋಟ ಮಾಡಿದೆ. ನನ್ನ ಪಾತ್ರೆ ಅಂಗಡಿಯ ರಟ್ಟಿನ ಡಬ್ಬಿಗಳನ್ನು ಬಿಡಿಸಿ, ನೆನೆಸಿ ಹಾಸಿದೆ. ಮೇಲೆ ಕಳಿತ ತಿಪ್ಪೆಗೊಬ್ಬರ, ಅದರ ಮೇಲೆ ಶೇಂಗಾ ಹೊಟ್ಟು. ನೀವೂ ಮಾಡುವುದಾದರೆ ಗೊಬ್ಬರ ಮೂಸಿ ನೋಡದೆ ಕೊಳ್ಳಬೇಡಿ. ನಾತ ಬಂದರೆ ಇನ್ನೂ ಹಸಿ, ಬೇರು ಸುಡುತ್ತದೆ.

ಮೆಂತ್ಯ, ಪಾಲಕ್ ನೆರಳಲ್ಲೂ ಬಂದವು. ನನ್ನ ಆಸೆ ಬದನೆಯ ಮೇಲೆ. ಸಂತೆ ಸಂತೆ ತಿರುಗಿ ಪಾತ್ರೆ ಮಾರಿ ಮೇಲೆ ಬಂದವಳು, ಇನ್ನೊಬ್ಬರು ಬೆಳೆದದ್ದನ್ನೇ ಚೌಕಾಸಿ ಮಾಡಿ ತಿಂದವಳು ನಾನು. ಒಂದು ಸಲವಾದರೂ ನಾನೇ ಬೆಳೆದ ಬದನೆಯ ಎಣ್ಣೆಗಾಯಿ ಉಣ್ಣಬೇಕಿತ್ತು. ಬಿಸಿಲಿನ ಮೂಲೆಯಲ್ಲಿ ಆರು ಸಸಿ ನೆಟ್ಟೆ. ತಡವಾಗಿಯಾದರೂ ಹೂ ಬಿಟ್ಟವು.

ಪಕ್ಕದ ಮನೆಯಾಕೆ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಗೋಡೆಯ ಮೇಲಿಂದ ದಿನಾ ಒಂದು ಹಿಡಿ ಸೊಪ್ಪು ಅವಳಿಗೇ.

"ಮದಲ ಕಾಯಿ ನನಗ ಕೊಡಬೇಕ ನೋಡಕ್ಕಾ."

"ಕೊಡತೀನಿ. ಎಣ್ಣಿ ನಿಂದು."

ಅದೇ ವಾರ ಬಂದಳು. "ಹೊಲದಾಗ ಎಮ್ಮಿಗೆ ನೆಳ್ಳಿಲ್ಲಕ್ಕ. ತಗಡು ತರಬೇಕು. ನೀ ಬಂದ್ರ ಅಂಗಡ್ಯಾವ ಬಗ್ತಾನ."

ಕೊಟ್ಟೂರಿಗೆ ಹೋದೆವು. ಎರಡು ಸಲ ಅಂಗಡಿ ಮೆಟ್ಟಿಲಿಳಿದೆ, ಎರಡು ಸಲವೂ ಕರೆಸಿಕೊಂಡೆ. ಕೊನೆಗೆ ಒಂದು ತಗಡು ಪುಕ್ಕಟೆ ಹಾಕಿಸಿದೆ.

"ಅಮ್ಮಾರ, ಇನ್ನೊಂದ್ಸಲ ಈ ಕಡಿ ಬರಬ್ಯಾಡ್ರಿ" ಎಂದ ಅಂಗಡಿಯವ. ಬಸ್ಸಿನಲ್ಲಿ ಇಬ್ಬರೂ ಅದನ್ನೇ ಹೇಳಿಕೊಂಡು ನಕ್ಕೆವು.

ಮೂರನೇ ದಿನ ಊಟಕ್ಕೆ ಮನೆಗೆ ಬಂದರೆ ಆ ತಗಡುಗಳು ನಡುಗೋಡೆಯ ಮೇಲೆ ಆಳೆತ್ತರ ನಿಂತಿದ್ದವು. ಬಟ್ಟೆ ಒಗೆಯುವ ಜಾಗಕ್ಕೆ ಮರೆ ಬೇಕಿತ್ತಂತೆ.

"ಎಮ್ಮಿ ಎಲ್ಲೈತವ್ವಾ?" ಎಂದೆ.

"ಖರೆ ಹೇಳಿದ್ರ ನೀ ಬರ್ತಿದ್ದಿಲ್ಲಕ್ಕ" ಎಂದಳು, ತಗಡಿನ ಆಚೆಯಿಂದ.

ಬರುತ್ತಿರಲಿಲ್ಲ, ನಿಜ. ಆದರೆ ಕೇಳಿದ್ದರೆ ಎರಡಡಿ ತಗ್ಗಿಸು ಎನ್ನುತ್ತಿದ್ದೆ, ಅವಳು ಅರ್ಧ ಅಡಿ ಎನ್ನುತ್ತಿದ್ದಳು, ಎಲ್ಲೋ ನಡುವೆ ನನ್ನ ಬದನೆಗೆ ಬಿಸಿಲು ಉಳಿಯುತ್ತಿತ್ತು. ಊರಿಗೆಲ್ಲ ಚೌಕಾಸಿ ಮಾಡಿಕೊಟ್ಟವಳ ಜೊತೆ ಅವಳು ಅಷ್ಟು ಚೌಕಾಸಿಯನ್ನೂ ಮಾಡಲಿಲ್ಲ.

ಹೂಗಳು ಒಂದೊಂದೇ ಉದುರಿದವು. ಗಿಡಗಳನ್ನು ಬುಡಕ್ಕೆ ಕತ್ತರಿಸಿದೆ. ಇಂಥ ತೋಟದಲ್ಲಿ ಕೀಳಬಾರದು, ಬೇರು ಒಳಗೇ ಕೊಳೆತು ಗೊಬ್ಬರವಾಗಬೇಕು. ಆ ಜಾಗಕ್ಕೆ ಪುದೀನ ಹಾಕಿದೆ, ನೆರಳಿಗೆ ಒಗ್ಗುತ್ತದೆ.

"ಅಕ್ಕಾ, ಪುದೀನದ ವಾಸನಿ ಬರಾಕತ್ತೈತಿ" ಎಂದು ಮೊನ್ನೆ ಆಚೆಯಿಂದ ಕೂಗಿದಳು. ನಾನು ತಲೆಯೆತ್ತಿ ತಗಡು ನೋಡಿದೆ. ಪುಕ್ಕಟೆ ಬಂದ ತಗಡಿನ ಅಂಚು ಸ್ವಲ್ಪ ಸೊಟ್ಟ, ಗುರುತು ಸಿಗುತ್ತದೆ. ಬದನೆಯ ಮೂಲೆಗೆ ಅಡ್ಡ ನಿಂತಿರುವುದು ಅದೇ.