ಕುಜನ ಮೇಲೆ ಹೊರಿಸಿದ ತಪ್ಪು

ಮೊನ್ನೆ ಜೇವರ್ಗಿಯ ಒಂದು ಆನ್‌ಲೈನ್ ಅರ್ಜಿ ಅಂಗಡಿಯಲ್ಲಿ ಬಿಸಿಯಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಹಳೆಯ ಕಂಪ್ಯೂಟರಿನ ಫ್ಯಾನು ಏದುಸಿರು ಬಿಡುವಾಗ ಬರುತ್ತದಲ್ಲ, ಅದು. ನಿಮಗದು ಬರೀ ವಾಸನೆ. ನನಗೆ ಸೋತ ವಾದದ ನೆನಪು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗುಡ್ಡೆ ಹಾಕಿದವನು ನಾನು. ಪರವೋ ವಿರೋಧವೋ ಎಂಬುದನ್ನು ವೇದಿಕೆ ಹತ್ತಿದ ಮೇಲೆ ಹೇಳಿದರೂ ನಡೆಯುತ್ತಿತ್ತು. ಇಂಥ ಪ್ರತಿಭೆಗೆ ಸಿಕ್ಕ ಕೆಲಸವೆಂದರೆ ಇದೇ ಊರಿನ ವಧೂವರ ಕೇಂದ್ರವೊಂದರ ಕಂಪ್ಯೂಟರ್ ನೋಡಿಕೊಳ್ಳುವುದು.

ಆಳಂದ, ಅಫಜಲಪುರ, ಜೇವರ್ಗಿ ಅಂತ ಕೇಂದ್ರಕ್ಕೆ ಮೂರು ಶಾಖೆ. ಸರ್ವರ್ ಒಂದೇ, ಒಳಗೆ ಶಾಖೆಗೊಂದರಂತೆ ಮೂರು ಡೇಟಾಬೇಸು. ಮೂರರಲ್ಲೂ ನಂಬರು ಒಂದರಿಂದಲೇ ಶುರು, ಮೂರರ ಪರದೆಯೂ ಒಂದೇ ಥರ. ಯಾವುದು ತೆರೆದಿದೆ ಎಂಬುದು ಮಾತ್ರ ಮೂಲೆಯಲ್ಲಿ, ಇರುವೆಯಷ್ಟು ಅಕ್ಷರದಲ್ಲಿ. ಇರುವೆ ನೋಡುವಷ್ಟು ಪುರುಸೊತ್ತು ವಾಗ್ಮಿಗಳಿಗೆಲ್ಲಿ?

ಒಂದು ದಿನ ಹವಳಗಾದಿಂದ ಹೆಣ್ಣುಮಗಳೊಬ್ಬಳ ಫೋನು. "ನಮ್ಮ ಲಗ್ನ ಆಗಿ ಎಂಟು ತಿಂಗಳಾತು. ಇನ್ನೂ ನಮ್ಮನಿಯವ್ರಿಗೆ ಕನ್ಯಾ ತೋರ್ಸಾಕತ್ತೀರಲ್ರಿ! ಬಂದವ್ರಿಗೆ ನಾನೇ ಚಾ ಮಾಡಿಕೊಡ್ಲೇನು?"

ಕಂಪ್ಯೂಟರ್ ತಪ್ಪು ಮಾಡುವುದಿಲ್ಲ, ಲಗ್ನವಾದದ್ದನ್ನು ನೀವೇ ತಿಳಿಸಿಲ್ಲ ಎಂದು ಮೂರು ಅಂಶಗಳಲ್ಲಿ ಸಾಧಿಸಿದೆ. ನಾಲ್ಕನೆಯದಕ್ಕೆ ಕಾಯದೆ ಆಕೆ ಫೋನಿಟ್ಟಳು. ಗೆದ್ದೆ ಅಂದುಕೊಂಡೆ.

ಅದೇ ವಾರ ಸರಸಂಬಾದ ಶಿವಲೀಲಾ ತಂದೆಯ ಜೊತೆ ಬಂದಳು. ಆಳಂದ ಶಾಖೆಯಲ್ಲಿ ಹೆಸರು ಬರೆಸಿದವಳು. ಎಂಟು ತಿಂಗಳಿಂದ ಒಂದು ಸಂಬಂಧವೂ ಬಂದಿರಲಿಲ್ಲ. ಕುಜದೋಷವೆಂದು ಊರು ತೀರ್ಪು ಕೊಟ್ಟಾಗಿತ್ತು. ತಂದೆಯ ಕೊರಳಲ್ಲಿ ಇಷ್ಟಲಿಂಗ, ಕಿಸೆಯಲ್ಲಿ ಜಾತಕ. ಶರಣರೂ ಇರಲಿ, ಶನಿಯೂ ಇರಲಿ, ಯಾರನ್ನೂ ಎದುರು ಹಾಕಿಕೊಳ್ಳದ ಜಾಣತನ ನಮ್ಮ ಕಡೆ ಹೇರಳ.

"ಎರಡು ಸಲ ಶಾಂತಿ ಮಾಡಿಸೇವ್ರಿ. ದೋಷ ಬಿಡವಲ್ದು," ಎಂದರು.

ನನಗೋ ಹಬ್ಬ. "ಗ್ರಹಗಳಿಗೆ ಬ್ಯಾರೆ ಕೆಲಸ ಇಲ್ಲೇನ್ರಿ? ಪುರಾವೆ ತೋರಿಸ್ತೇನಿ," ಎಂದು ಆಳಂದದ ಡೇಟಾಬೇಸ್ ತೆರೆದೆ. ನಂಬರ್ ಇನ್ನೂರಾ ಹದಿನಾಲ್ಕು, ಶಿವಲೀಲಾ. ಮುಂದೆ, 'ಲಗ್ನವಾಗಿದೆ'. ಗುರುತು ಹಾಕಿದವರು: ನಾನು.

ಹವಳಗಾದ ಫೋನು ನೆನಪಾಯಿತು. ಅಫಜಲಪುರದ್ದು ತೆರೆದೆ. ಅಲ್ಲಿಯ ಇನ್ನೂರಾ ಹದಿನಾಲ್ಕು ಹವಳಗಾದ ಆ ಹೆಣ್ಣುಮಗಳ ಗಂಡ, ದಾಖಲೆಯಲ್ಲಿನ್ನೂ ಬ್ರಹ್ಮಚಾರಿ. ಎಂಟು ತಿಂಗಳ ಹಿಂದೆ ಆಳಂದದ ಪರದೆ ತೆರೆದಿಟ್ಟುಕೊಂಡು, ಅವನ ಲಗ್ನವನ್ನು ಈ ಹುಡುಗಿಗೆ ಮಾಡಿಸಿದ್ದೆ. ಕುಜ ನಿರಪರಾಧಿ.

ಹಿಂದೆ ನಿಂತಿದ್ದ ಕೇಂದ್ರದ ಮಾಲೀಕರು ನನ್ನ ಕಿವಿಯಲ್ಲಿ, "ಲೇ, ಸುಮ್ನ ಸರಿಮಾಡು. ದೋಷ ಹೋತಂತ ಖುಷ್ ಆಗ್ತಾರ," ಎಂದರು. ನನಗೂ ಅದೇ ಅನುಕೂಲವೆನಿಸಿತು. ಆದರೆ ಶಿವಲೀಲಾ ಆಗಲೇ ಪಕ್ಕಕ್ಕೆ ಬಂದು ಪರದೆ ಓದುತ್ತಿದ್ದಳು.

"ನನ್ನ ಲಗ್ನ ಆಗೇದಂತಲ್ರಿ. ನನಗೇ ಊಟಕ್ಕ ಕರೀಲಿಲ್ಲ ನೀವು."

ಎಲ್ಲವನ್ನೂ ಹೇಳಿದೆ. ತಂದೆ ತಲೆಯಾಡಿಸಿ, "ಇವ್ರ ಕೈ ತಪ್ಪಿದ್ದೂ ಆ ಕುಜನಿಂದನ," ಎಂದರು. ಇಂಥ ಎದುರಾಳಿ ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ.

"ಅಪ್ಪಾ, ಸುಮ್ಕಿರು. ಸರ, ಎಂಟು ತಿಂಗಳು ಮಂದಿ ನನ್ನ ಮಾರಿ ನೋಡಿ ಅಯ್ಯೋ ಅಂದಾರ. ಏನಾಗಿತ್ತು ಅಂತ ಬರದು ಕೊಡ್ರಿ."

'ತಾಂತ್ರಿಕ ಕಾರಣದಿಂದ ಹೆಸರು ಮರೆಯಾಗಿತ್ತು' ಎಂದು ಬರೆದೆ. ಓದಿ ವಾಪಸ್ ಕೊಟ್ಟಳು.

"ಇದ್ರಾಗ ಮಾಡಿದವ್ರು ಯಾರೂ ಇಲ್ಲಲ್ರಿ?"

ಮಾಲೀಕರು ಕಣ್ಣು ಕೆಂಪಗೆ ಮಾಡಿದರು. ಹೊಸ ಹಾಳೆಯಲ್ಲಿ, 'ನಾನು ತಪ್ಪು ಡೇಟಾಬೇಸಿನಲ್ಲಿ ಗುರುತು ಹಾಕಿದೆ. ಈ ಹುಡುಗಿಯಲ್ಲಿ ಯಾವ ದೋಷವೂ ಇಲ್ಲ' ಎಂದು ಬರೆದು ಸಹಿ ಮಾಡಿದೆ. ಎರಡೇ ಸಾಲು. ಇಷ್ಟು ಕಡಿಮೆ ಮಾತಿನಲ್ಲಿ ನಾನು ಏನನ್ನೂ ಮುಗಿಸಿದವನಲ್ಲ. ಶಿವಲೀಲಾ ಹಾಳೆ ಮಡಚಿ, "ಇನ್ ಮುಂದ ಬಂದವ್ರಿಗೆ ಚಾಕ್ಕಿಂತ ಮೊದ್ಲು ಇದನ್ನ ಕೊಡ್ತೇನಿ," ಎಂದು ನಡೆದಳು. ಸಂಜೆಯೊಳಗೆ ನನ್ನ ಕೆಲಸವೂ ಹೋಯಿತು.

ಮೊನ್ನೆ ಅಂಗಡಿಯಲ್ಲಿ ನನ್ನ ಅರ್ಜಿಯ ಮೇಲೆ ಬೇರೆ ತಾಲೂಕು ಅಚ್ಚಾಗಿ ಬಂತು. ಅಂಗಡಿಯವನ ಜೊತೆ ವಾದಕ್ಕೆ ಬಾಯಿ ತೆರೆದೆ. ಮತ್ತೆ ಮುಚ್ಚಿ, ನಾನೇ ಬರೆದುಕೊಟ್ಟ ಚೀಟಿ ತಿರುಗಿಸಿ ನೋಡಿದೆ. ಅದರಲ್ಲೂ ಅದೇ ತಾಲೂಕು. "ನಂದೇ ತಪ್ಪ್ರಿ," ಎಂದೆ.